ಆಂಟೆನಾ ಇಲ್ಲದ ಮನೆಯ ಗೃಹಪ್ರವೇಶ

ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಪುರೋಹಿತರ ತೆರೆದ ಬಾಯಿ. ಬೆಂಕಿ ಆಮೇಲೆ ಬರುತ್ತದೆ. ಅವರ ಬಲಗೈ ಅರ್ಧಕ್ಕೆ ಎತ್ತಿದ ಹಾಗೇ ಇದೆ, ಕಣ್ಣು ಅರ್ಧ ಮುಚ್ಚಿದೆ, ಮೂಗಿನ ಮೇಲೆ ಒಂದು ಬಿಳಿ ಚಕ್ರ ಸುತ್ತುತ್ತಿದೆ. ಅವರು ಮೈಸೂರಿನ ತಮ್ಮ ಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾವು ಪರ್ತ್‌ನ ಪೂರ್ವಕ್ಕಿರುವ ಗುಡ್ಡಗಳ ತಪ್ಪಲಲ್ಲಿ, ನನ್ನ ಅಕ್ಕ ಭಾವ ಕಟ್ಟಿಸಿದ ಹೊಸ ಮನೆಯ ನಡುಮನೆಯಲ್ಲಿ, ಅವರು ವೀಡಿಯೋ ಕರೆಯಲ್ಲಿ ಕಾಣುತ್ತಿದ್ದ ದೊಡ್ಡ ಟೀವಿಯ ಮುಂದೆ ಹೋಮಕುಂಡದ ಸುತ್ತ ಕೂತಿದ್ದೆವು. ಚಕ್ರ ನಿಂತರೆ ಮುಂದಿನ ಮಂತ್ರ, ಮಂತ್ರ ಬಂದರೆ ತುಪ್ಪ. ಅಕ್ಕ ಭಾವ ತುಪ್ಪದ ಚಮಚ ಹಿಡಿದುಕೊಂಡು ಕಾಯುತ್ತಿದ್ದರು. ಮಳೆ ನಿಲ್ಲಲಿ ಎಂದು ಅಂಗಡಿ ಸೂರಿನ ಕೆಳಗೆ ನಿಂತವರ ಮುಖದಲ್ಲಿರುತ್ತದಲ್ಲ, ಅಂಥ ತಾಳ್ಮೆ ಎಲ್ಲರ ಮುಖದಲ್ಲಿತ್ತು.

ಬ್ರಿಸ್ಬೇನಿಗೆ ಮರಳಿದ ಮೇಲೆ ಆ ಕಾಯುವಿಕೆಯನ್ನು ನಾನು ಎಷ್ಟು ಸಲ ಮತ್ತೆ ಕಾದಿದ್ದೇನೋ ಲೆಕ್ಕವಿಲ್ಲ. ಫೋರ್ಟಿಟ್ಯೂಡ್ ವ್ಯಾಲಿಯ ನನ್ನ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಬ್ರೆಡ್ ಸೀದರೆ ಸಾಕು, ಎದ್ದು ನಿಲ್ಲುತ್ತೇನೆ. ಯೂನಿವರ್ಸಿಟಿ ಇರುವ ಸೇಂಟ್ ಲೂಸಿಯಾ ಬಡಾವಣೆಯ ನದಿ ಬದಿಯಲ್ಲಿ ಕಾಲೇಜು ಹುಡುಗರು ಮಾಂಸ ಸುಡಲು ಬಾರ್ಬೆಕ್ಯೂ ಒಲೆ ಹಚ್ಚಿದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತೇನೆ. ಆಫೀಸಿನವರು ನಗುತ್ತಾರೆ. ಕಥೆ ಹೇಳಿದರೆ ಇನ್ನೂ ಜೋರಾಗಿ ನಗುತ್ತಾರೆ. ನಾನೂ ನಗುತ್ತೇನೆ, ಏಕೆಂದರೆ ಅದರಲ್ಲಿ ನಗುವಂಥದ್ದೇ ಹೆಚ್ಚಿದೆ.

ಕಥೆ ಶುರುವಾದದ್ದು ಹಿಂದಿನ ಸಂಜೆ, ಆಂಟೆನಾದಿಂದ.

ಗೃಹಪ್ರವೇಶಕ್ಕೆಂದು ನಾನು ಬ್ರಿಸ್ಬೇನಿನಿಂದ, ನಮ್ಮ ತಮ್ಮ ಅಡಿಲೇಡಿನ ಕಿಲ್ಬರ್ನ್‌ನಿಂದ ಹಾರಿ ಬಂದಿದ್ದೆವು. ಅಕ್ಕನ ಮಾವನವರು ಮೈಸೂರಿನಿಂದ ಬಂದು ಕೆಲವು ತಿಂಗಳಾಗಿತ್ತು. ಅವರು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ನಾವಿಬ್ಬರೂ ಅವರನ್ನು ಅಂಕಲ್ ಎನ್ನುತ್ತೇವೆ. ಪರ್ತ್‌ನ ಹಳೆಯ ಬಾಡಿಗೆ ಮನೆಯಲ್ಲಿ ಅವರಿಗೆ ಒಂದು ಸುಖವಿತ್ತು: ಸರ್ಕಾರಿ ಚಾನೆಲ್ಲಿನ ಸಂಜೆಯ ವಾರ್ತೆ, ಅದರ ಕೊನೆಯಲ್ಲಿ ಇಡೀ ಆಸ್ಟ್ರೇಲಿಯಾದ ಹವಾಮಾನ ನಕ್ಷೆ. ಹೊಸ ಮನೆಯಲ್ಲಿ ಅದು ಬರುತ್ತಿರಲಿಲ್ಲ. ಮನೆ ಕಟ್ಟುವವರು ಆಂಟೆನಾ ಬೇಕೇ ಎಂದು ಕೇಳಿದಾಗ ಭಾವ ಬೇಡವೆಂದಿದ್ದರು.

"ಅಪ್ಪಾ, ಈಗ ಯಾರು ಆಂಟೆನಾ ಹಾಕ್ಸ್ತಾರೆ? ಎಲ್ಲಾ ಸ್ಟ್ರೀಮಿಂಗು. ಹವಾಮಾನ ಫೋನಲ್ಲೇ ಬರುತ್ತೆ" ಎಂದರು ಭಾವ.

"ಫೋನು ನಾನು ನಿಂತಿರೋ ಜಾಗದ ಮಳೆ ಹೇಳುತ್ತೆ ಕಣೋ. ನನಗೆ ಇಡೀ ಖಂಡ ಬೇಕು."

ತಮ್ಮನಿಗೆ ಇಂಥ ಮಾತು ಸಿಕ್ಕರೆ ಹಬ್ಬ. ಅವನು ಅಡಿಲೇಡಿಗೆ ಬರುವ ಮೊದಲು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದ. ಅಲ್ಲಿಂದ ತಂದ ಒಂದೇ ಒಂದು ಸಿಟ್ಟು ಟೀವಿ ಲೈಸೆನ್ಸಿನದ್ದು.

"ಅಂಕಲ್, ಅಲ್ಲಾಗಿದ್ರೆ ಇದಕ್ಕೆ ನೀವು ವರ್ಷಾ ವರ್ಷಾ ಲೈಸೆನ್ಸ್ ಕಟ್ಟಬೇಕಿತ್ತು. ಲೈವ್ ಟೀವಿ ನೋಡೋಕೆ ಲೈಸೆನ್ಸು! ಬಂದೂಕು ಇಟ್ಕೊಂಡ ಹಾಗೆ. ನಾನು ನೋಡೋದೆಲ್ಲಾ ಸ್ಟ್ರೀಮಿಂಗು, ನಂಗೆ ಬೇಡ ಅಂತ ಹೇಳಿ ನಿಲ್ಲಿಸ್ದೆ. ಆದ್ರೂ ನಿಮ್ಮ ಮನೇಲಿ ಟೀವಿ ಇದ್ಯಾ, ಇದ್ಯಾ ಅಂತ ಕಾಗದ ಬರ್ತಾನೇ ಇತ್ತು."

"ನಾವೂ ಕಟ್ಟಿದ್ದೀವಪ್ಪ, ರೇಡಿಯೋಗೆ. ಪೋಸ್ಟಾಫೀಸಲ್ಲಿ ಕ್ಯೂ ನಿಂತು."

"ಹೊಟ್ಟೆ ಉರೀತಿರ್ಲಿಲ್ವಾ?"

"ಉರೀತಿತ್ತು. ಲೈಸೆನ್ಸು ನಮ್ಮಪ್ಪಂದು, ಕಿವಿ ಬೀದಿಯೋರದ್ದು. ವಾರ್ತೆ ಹೊತ್ತಿಗೆ ನಮ್ಮ ಜಗಲಿ ಮೇಲೆ ಕೂರೋಕೆ ಜಾಗ ಇರ್ತಿರ್ಲಿಲ್ಲ."

ಇಲ್ಲಿ ಲೈಸೆನ್ಸ್ ಇಲ್ಲ, ಹಿಂದೆ ಯಾವಾಗಲೋ ಇತ್ತಂತೆ, ಈಗ ತೆರಿಗೆಯಿಂದಲೇ ಹೋಗುತ್ತದೆ ಎಂದು ನಾನು ಹೇಳಿದೆ. ಗೆಳೆಯರ ಮನೆಯಿಂದ ಬಂದಿದ್ದ ಸಾರು ಬಡಿಸಿಕೊಳ್ಳುತ್ತಿದ್ದ ಭಾವನ ಕೈ ನಿಂತಿತು.

"ಅಂದ್ರೆ ನಾನು ನೋಡ್ದೇ ಇದ್ರೂ ಕಟ್ತಿದ್ದೀನಾ?"

"ಕಟ್ತಿದ್ದೀಯ" ಎಂದರು ಅಂಕಲ್, ಬಹಳ ಸಂತೋಷದಿಂದ. "ಕಟ್ಟಿದ್ಮೇಲೆ ನೋಡೋದಕ್ಕೇನು ದಾಡಿ? ಆಂಟೆನಾ ಹಾಕ್ಸು."

ನಾನು ತಮ್ಮನ ಪಕ್ಷವಾಗಿದ್ದೆ. ನಾವು ಮೂವರು ಒಡಹುಟ್ಟಿದವರು ಮೂರು ಊರಿನಲ್ಲಿ ಕೂತು ನೋಡುವುದನ್ನೆಲ್ಲ ನಮಗೆ ಬೇಕಾದಾಗ, ಬೇಕಾದಷ್ಟು ನೋಡುವವರು. ಬೇಡವಾದರೆ ಆ ತಿಂಗಳೇ ನಿಲ್ಲಿಸುವವರು. ನೋಡದ ಚಾನೆಲ್ಲಿಗೆ ಕಾಸು ಕೊಡುವುದು ತಿನ್ನದ ಹೋಟೆಲಿನಲ್ಲಿ ಬಿಲ್ ಕಟ್ಟಿದ ಹಾಗೆ ಎಂದು ಒಗ್ಗರಣೆ ಹಾಕಿದೆ. ಮಾತು ಚೆನ್ನಾಗಿದೆ ಎಂದು ನನಗೇ ಅನ್ನಿಸಿತ್ತು.

ಮರುದಿನದ ಬೆಳಗು ಸೆಕೆಯಿಂದಲೇ ಶುರುವಾಯಿತು. ಗುಡ್ಡದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು. "ಮೂಡಣ ಗಾಳಿ, ಇದು ಒಳ್ಳೇದಲ್ಲ. ನಿನ್ನೆ ನಕ್ಷೆ ನೋಡಿದ್ರೆ ಗೊತ್ತಾಗ್ತಿತ್ತು" ಎಂದು ಅಂಕಲ್ ಗೊಣಗಿದರು. ಅದನ್ನು ಆಂಟೆನಾ ಜಗಳದ ಮುಂದುವರಿಕೆ ಎಂದುಕೊಂಡು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮಗೆ ಬೇರೆ ಚಿಂತೆಗಳಿದ್ದವು. ಹೋಮದ ಹೊಗೆಗೆ ಚಾವಣಿಯ ಸ್ಮೋಕ್ ಅಲಾರಂ ಕೂಗಬಾರದು. ಈ ದೇಶದಲ್ಲಿ ಹೋಮ ಮಾಡಿಸುವ ನಮ್ಮವರೆಲ್ಲರಿಗೂ ಅದರ ಉಪಾಯ ಗೊತ್ತು. ಭಾವ ಹೋಟೆಲುಗಳಲ್ಲಿ ಉಳಿದಾಗ ತಂದಿಟ್ಟುಕೊಂಡಿದ್ದ ಸ್ನಾನದ ಪ್ಲಾಸ್ಟಿಕ್ ಟೋಪಿಗಳನ್ನು ಏಣಿ ಹತ್ತಿ ಒಂದೊಂದು ಅಲಾರಮ್ಮಿಗೂ ತೊಡಿಸಿದರು. ಹೊಗೆ ಹೋಗಲೆಂದು ಕಿಟಕಿ ಬಾಗಿಲೆಲ್ಲ ತೆರೆದೆವು. ಆಮೇಲೆ ಇಂಟರ್ನೆಟ್. ಹಿಂದೊಮ್ಮೆ ಯಾರದೋ ಮನೆಯ ನಾಮಕರಣದಲ್ಲಿ ನೆಂಟರೆಲ್ಲ ಫೋನು ಹಿಡಿದು ಕೂತದ್ದರಿಂದ ಪುರೋಹಿತರ ದನಿ ತುಂಡು ತುಂಡಾಗಿ, ಮಗುವಿನ ಹೆಸರು ಅರ್ಧ ಮಾತ್ರ ಕೇಳಿಸಿತ್ತಂತೆ. ಅದಕ್ಕೇ ಅಕ್ಕ ಹೂವಿನ ಬುಟ್ಟಿ ಹಿಡಿದು ಬಂದಳು.

"ಎಲ್ಲಾರೂ ಫೋನ್ ಸೈಲೆಂಟ್ ಮಾಡಿ ಇದರಲ್ಲಿ ಹಾಕಿ. ಪೂರ್ಣಾಹುತಿ ಆಗೋವರೆಗೂ ಯಾರೂ ಮುಟ್ಟಬೇಡಿ."

"ಅಕ್ಕ, ಒಂದು ಫೋಟೋ..."

"ಕಲಶದ ಮೇಲೆ ಆಣೆ."

ಬುಟ್ಟಿ ಮಲಗುವ ಕೋಣೆಗೆ ಹೋಯಿತು. ಹೀಗೆ, ಅಪಾಯ ಬಂದರೆ ನಮಗೆ ತಿಳಿಸಲೆಂದು ಆ ಮನೆಯಲ್ಲಿ ಏನೇನಿತ್ತೋ ಅದೆಲ್ಲದರ ಬಾಯಿಯನ್ನೂ ಶಾಸ್ತ್ರೋಕ್ತವಾಗಿ ಮುಚ್ಚಿ ನಾವು ಹೋಮಕ್ಕೆ ಕೂತೆವು.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಮೈಸೂರಿನ "ಸ್ವಾಹಾ" ಪರ್ತ್ ತಲುಪುವಷ್ಟರಲ್ಲಿ ಸ್ವಲ್ಪ ತಡವಾಗುತ್ತಿತ್ತು, ನಮ್ಮ ತುಪ್ಪ ಇನ್ನೂ ಸ್ವಲ್ಪ ತಡ. ಪುರೋಹಿತರು ಒಗ್ಗಿಹೋಗಿದ್ದರು. "ಹಾಕಿದ್ರಾ? ಸರಿ, ಮುಂದಕ್ಕೆ" ಎನ್ನುತ್ತಿದ್ದರು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ನೆಲದ ಮೇಲೆ ಬಿದ್ದ ಬೆಳಕು ಮೆಲ್ಲಗೆ ಕೆಂಪಾಯಿತು.

"ನೋಡೇ, ಬಿಸಿಲು ಹೇಗೆ ಬಿದ್ದಿದೆ, ಕುಂಕುಮ ಚೆಲ್ಲಿದ ಹಾಗೆ" ಎಂದಳು ಅಕ್ಕ.

ರಂಗೋಲಿಯ ಮೇಲೆ ಬೂದಿ ಉದುರುತ್ತಿತ್ತು. ಹೋಮದ ಬೂದಿ ಎಂದು ನಾನು ಬೆರಳಿನಿಂದ ಒರೆಸಿದೆ. ಈಗ ಹಿಂದಕ್ಕೆ ಓಡಿಸಿ ನೋಡುವಾಗ ನನಗೆ ಸ್ಪಷ್ಟವಾಗಿ ಕಾಣುತ್ತದೆ: ಆ ಬೂದಿ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅದನ್ನು ನೋಡಿದ್ದೆ, ಒರೆಸಿದ್ದೆ, ಮತ್ತೆ ಟೀವಿಯ ಕಡೆ ತಿರುಗಿದ್ದೆ.

ಆಗಲೇ ಪುರೋಹಿತರು ಬಾಯಿ ತೆರೆದವರು ಹಾಗೇ ನಿಂತುಹೋದದ್ದು. ಕಾದೆವು. "ಬಫರ್ ಆಗ್ತಿದೆ" ಎಂದ ತಮ್ಮ. "ಯಾರೋ ಫೋನ್ ಇಟ್ಕೊಂಡಿದ್ದೀರ" ಎಂದು ಅಕ್ಕ ಎಲ್ಲರನ್ನೂ ದುರುಗುಟ್ಟಿ ನೋಡಿದಳು.

ತೆರೆದ ಬಾಗಿಲಲ್ಲಿ ಎದುರು ಮನೆಯಾಕೆ ಕಾಣಿಸಿಕೊಂಡಳು. ಐವತ್ತು ದಾಟಿದ ಆಸ್ಟ್ರೇಲಿಯನ್ ಹೆಂಗಸು. ಕಾಲಿಗೆ ದಪ್ಪ ಬೂಟು, ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಓಡಿಬಂದ ಏದುಸಿರು. ಭಾವ ಅವಳನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಮುಂಚೆಯೇ ಬಂದಿದ್ದಾಳೆ, ಉಡುಗೊರೆಯನ್ನೂ ತಂದಿದ್ದಾಳೆ ಎಂದುಕೊಂಡು ತುಪ್ಪದ ಚಮಚ ಎತ್ತಿ ಹಿಡಿದು ನಕ್ಕರು.

"ಕಮ್, ಕಮ್, ಪ್ಲೀಸ್! ಓನ್ಲಿ ಶೂಸ್ ಔಟ್‌ಸೈಡ್."

ಅವಳು ಕುಂಡದ ಬೆಂಕಿಯನ್ನು ನೋಡಿದಳು. ರೇಷ್ಮೆ ಸೀರೆಯಲ್ಲಿ, ಪಂಚೆಯಲ್ಲಿ ಅದರ ಸುತ್ತ ನೆಮ್ಮದಿಯಾಗಿ ಕೂತ ನಮ್ಮನ್ನು ನೋಡಿದಳು. ಟೀವಿಯೊಳಗೆ ಬಾಯಿ ತೆರೆದು ನಿಂತ ಮನುಷ್ಯನನ್ನು, ಚಾವಣಿಯಲ್ಲಿ ಟೋಪಿ ಹಾಕಿಕೊಂಡ ಅಲಾರಮ್ಮನ್ನು ನೋಡಿದಳು. ನಿಮ್ಮ ಮನೆಗೆ ಬೆಂಕಿ ಬಿತ್ತೆಂದು ಓಡಿ ಬಂದೆ, ಹಿಂದೆ ಗುಡ್ಡ ಉರಿಯುತ್ತಿದೆ, ರೇಡಿಯೋದವರು ಬೆಳಗಿನಿಂದ ಹೇಳುತ್ತಲೇ ಇದ್ದಾರೆ, ಈಗ ನಮ್ಮ ಬೀದಿ ಬಿಟ್ಟು ಹೊರಡಿ ಎನ್ನುತ್ತಿದ್ದಾರೆ, ಈಗಲೇ ಎಂದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಟೀವಿ ಆರಿತು. ಮೈಸೂರು ಹೋಯಿತು, ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಹೊರಗಿನ ಸದ್ದು ಮೊದಲ ಬಾರಿಗೆ ಕೇಳಿಸಿತು. ಬಹಳ ದೂರದಲ್ಲಿ ಗೂಡ್ಸ್ ರೈಲು ಹೋಗುತ್ತಲೇ ಇರುವಂಥ ಸದ್ದು.

ಅಕ್ಕ ಕದಲಲಿಲ್ಲ. "ಪೂರ್ಣಾಹುತಿ ಆಗಿಲ್ಲ. ಉರಿಯೋ ಅಗ್ನೀನ ಬಿಟ್ಟು ಹೇಗೆ ಹೋಗೋದು?"

ಅಂಕಲ್ ಎದ್ದರು. ಹೊಸ ಒಲೆಯ ಮೇಲೆ ಉಕ್ಕಿಸಲೆಂದು ಬೆಳ್ಳಿ ಪಾತ್ರೆಯಲ್ಲಿ ತೆಗೆದಿಟ್ಟಿದ್ದ ಹಾಲನ್ನು ಎತ್ತಿಕೊಂಡು ಬಂದರು.

"ಅಗ್ನಿಗೆ ನಾನು ಹೇಳ್ತೀನಮ್ಮ. ನೀನು ಚಪ್ಪಲಿ ಹಾಕ್ಕೊ."

ಹಾಲನ್ನು ಕುಂಡಕ್ಕೆ ಸುರಿದರು. ಚುಂಯ್ ಎಂದು ಆವಿ ಎದ್ದಿತು. ಕೈಮುಗಿದು ಅವರೇನೋ ಮಣಮಣ ಅಂದರು. ಹೋಗಿ ಬರುತ್ತೇವೆ ಎಂದಿರಬೇಕು.

ಭಾವನ ಹೊಸ ಕಾರು ಗ್ಯಾರೇಜಿನೊಳಗಿತ್ತು. ಅದರ ಬಾಗಿಲು ಗುಂಡಿ ಒತ್ತಿದರೆ ಏಳುವಂಥದ್ದು. ಭಾವ ಒತ್ತಿದರು, ಮತ್ತೆ ಒತ್ತಿದರು. "ಕರೆಂಟಿಲ್ಲ ಭಾವ!" ಎಂದು ತಮ್ಮ ಕೂಗಿದ. ಅವನು ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಪಡೆದಿದ್ದ ಬೆಂಕಿಪೊಟ್ಟಣದಂಥ ಕಾರು ಬೀದಿಯಲ್ಲಿತ್ತು. ಹಿಂದಿನ ದಿನ ಅದನ್ನು ನೋಡಿ ಭಾವ ಬಹಳ ಗೇಲಿ ಮಾಡಿದ್ದರು. ಎಲ್ಲರೂ ಅದರೊಳಗೆ ತುಂಬಿಕೊಂಡೆವು. ಮುಂದೆ ತಮ್ಮ ಮತ್ತು ಅಂಕಲ್. ಹಿಂದೆ ಅಕ್ಕ, ಭಾವ, ನಾನು, ನನ್ನ ಮಡಿಲಲ್ಲಿ ಫೋನಿನ ಬುಟ್ಟಿ. ಎದುರು ಮನೆಯಾಕೆ ಕಿಟಕಿಯಿಂದ ಕೈ ತೂರಿಸಿ ತಾನೇ ರೇಡಿಯೋ ಹಚ್ಚಿ, ಸ್ಟೇಷನ್ ಹುಡುಕಿ, "ಇದನ್ನು ಆರಿಸಬೇಡಿ" ಎಂದು ಹೇಳಿ ತನ್ನ ನಾಯಿಯನ್ನು ಕರೆಯುತ್ತಾ ಓಡಿದಳು.

ಬುಟ್ಟಿಯಲ್ಲಿ ಫೋನುಗಳು ಸದ್ದಿಲ್ಲದೆ ಮಿನುಗುತ್ತಿದ್ದವು. ಆಗಲೇ ಬಂದು ಬಿದ್ದಿದ್ದ ಎಚ್ಚರಿಕೆಗಳು ಮಲ್ಲಿಗೆ ಹೂವಿನ ನಡುವೆ ಹೊಳೆಯುತ್ತಿದ್ದವು. ನೆಟ್‌ವರ್ಕ್ ಹೋಗಿತ್ತು. ನಕ್ಷೆಯ ನೀಲಿ ಚುಕ್ಕೆ ನಾವು ಇನ್ನೂ ಮನೆಯಲ್ಲೇ ಇದ್ದೇವೆ ಎನ್ನುತ್ತಿತ್ತು.

ಅದು ಅಂಕಲ್ ಕೇಳುತ್ತಿದ್ದ ಆ ಸರ್ಕಾರಿ ಚಾನೆಲ್ಲಿನವರದೇ ರೇಡಿಯೋ, ಒಬ್ಬ ಗಂಡಸು ಮಾತಾಡುತ್ತಿದ್ದ. ಆ ದನಿ ನನಗೆ ಇಂದಿಗೂ ಕೇಳಿಸುತ್ತದೆ. ಅವಸರವಿಲ್ಲ, ಗಾಬರಿಯಿಲ್ಲ. ಬೀದಿಗಳ ಹೆಸರು ಓದುತ್ತಿದ್ದ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದ. ನಡುವೆ ಜಾಹೀರಾತಿಲ್ಲ, ಹಾಡಿಲ್ಲ. ನಮ್ಮ ಬೀದಿಯ ಹೆಸರು ಬಂತು. ಪಶ್ಚಿಮಕ್ಕೆ ಹೋಗಿ ಎಂದ. ಪೆಟ್ರೋಲ್ ಬಂಕಿನ ಪಕ್ಕದ ರಸ್ತೆ ಮುಚ್ಚಿದೆ, ಅಲ್ಲಿ ಹೋಗಬೇಡಿ ಎಂದ.

ಎರಡು ದಿನದಿಂದ ನಾವು ಓಡಾಡಿದ್ದು ಆ ರಸ್ತೆಯಲ್ಲೇ. ಬಂಕ್ ಬಂದೊಡನೆ ತಮ್ಮನ ಕೈ ತಾನಾಗಿಯೇ ಎಡಕ್ಕೆ ತಿರುಗಿಸಲು ಹೋಯಿತು.

"ಅಲ್ಲಿ ಬೇಡ ಅಂದ್ರಲ್ಲ ಕಣಪ್ಪ!" ಅಂಕಲ್ ಸ್ಟೇರಿಂಗಿನ ಮೇಲೆ ಕೈ ಇಟ್ಟರು.

"ಅಂಕಲ್, ಇದು ಹತ್ತಿರ..."

"ನೇರ ಹೋಗು ಅಂದ್ರೆ ನೇರ ಹೋಗು!"

ನಾವಿಬ್ಬರೂ ಅವರ ದನಿ ಏರಿದ್ದನ್ನು ಅದುವರೆಗೆ ಕೇಳಿರಲಿಲ್ಲ. ತಮ್ಮ ನೇರ ಹೋದ. ದಾಟುವಾಗ ನಾನು ಎಡಕ್ಕೆ ನೋಡಿದೆ. ರಸ್ತೆಯ ಕೊನೆಯಲ್ಲಿ ಕಪ್ಪು ಗೋಡೆ ಎದ್ದಿತ್ತು, ಅದರ ಬುಡ ಕೆಂಪಗಿತ್ತು. ಅಂಚಿನಲ್ಲಿದ್ದ ಒಂದು ನೀಲಗಿರಿ ಮರ ನೋಡುತ್ತಿದ್ದಂತೆಯೇ ತುದಿಯಿಂದ ಬುಡದವರೆಗೆ ಒಮ್ಮೆಲೇ ಹೊತ್ತಿಕೊಂಡಿತು. ಯಾರೋ ಸ್ವಿಚ್ ಹಾಕಿದ ಹಾಗೆ. ಬೆಂಕಿಯ ಒಂದು ನಾಲಿಗೆ ರಸ್ತೆಯನ್ನು ಅಡ್ಡಲಾಗಿ ದಾಟಿತು. ನನ್ನ ಕಡೆಯ ಗಾಜು ಬಿಸಿಯಾಗಿತ್ತು. ರೇಡಿಯೋದವನೊಬ್ಬನೇ ಬೀದಿಗಳ ಹೆಸರು ಓದುತ್ತಿದ್ದ.

ಎಡಕ್ಕೆ ತಿರುಗಿದ ಕಾರು ನನ್ನ ತಲೆಯೊಳಗೆ ಇನ್ನೂ ಓಡುತ್ತಿರುತ್ತದೆ. ಬಸ್ಸಿನಲ್ಲಿ ಕೂತಾಗ, ಲಿಫ್ಟಿಗೆ ಕಾಯುವಾಗ. ಪ್ರತಿ ಸಲವೂ ನಾನೇ ಅಂಕಲ್ ಕೈಯನ್ನು ತಂದು ಸ್ಟೇರಿಂಗಿನ ಮೇಲೆ ಇಡಬೇಕಾಗುತ್ತದೆ.

ಪಶ್ಚಿಮಕ್ಕಿದ್ದ ಒಂದು ಒಳಾಂಗಣ ಕ್ರೀಡಾಂಗಣವನ್ನು ಊರು ಬಿಟ್ಟು ಬಂದವರಿಗೆ ತೆರೆದಿದ್ದರು. ರೇಷ್ಮೆ ಸೀರೆಯಲ್ಲಿ ಇಳಿದ ನಮ್ಮನ್ನು ನೋಡಿ ಒಬ್ಬ ಸ್ವಯಂಸೇವಕಿ, ಅಯ್ಯೋ ಪಾಪ, ಮದುವೆ ಮಧ್ಯದಲ್ಲೇ ಎದ್ದು ಬಂದಿರಾ ಎಂದು ಅಕ್ಕನನ್ನು ಅಪ್ಪಿಕೊಂಡಳು. ಮಧ್ಯಾಹ್ನದ ಊಟಕ್ಕೆ ಬರಬೇಕಿದ್ದ ಗೆಳೆಯರು ಸುದ್ದಿ ತಿಳಿದು ಅಲ್ಲಿಗೇ ಬಂದರು. ಕೈಲಾದಷ್ಟು ತರುತ್ತೇವೆ ಎಂದಿದ್ದವರು ಪುಳಿಯೋಗರೆ, ಕೋಸಂಬರಿ, ಪಾಯಸ ಎಲ್ಲವನ್ನೂ ಹೊತ್ತು ತಂದಿದ್ದರು. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಪಂಕ್ತಿ ಕೂತಿತು. ಅಳುತ್ತಿದ್ದ ಅಕ್ಕ, ಯಾರೋ ಪಾಯಸವನ್ನು ಅಲ್ಲಿ ಹಂಚುತ್ತಿದ್ದ ಸಾಸೇಜಿನ ಜೊತೆ ಬಡಿಸಿಕೊಂಡದ್ದನ್ನು ನೋಡಿ ಅಳು ಮರೆತು ನಕ್ಕಳು. ನಾಯಿಯ ಸಮೇತ ಬಂದ ಎದುರು ಮನೆಯಾಕೆ ಪುಳಿಯೋಗರೆಯನ್ನು ಮೂರು ಸಲ ಹಾಕಿಸಿಕೊಂಡಳು.

"ಶೂಸ್ ಬಿಚ್ಚಲಾ?" ಎಂದು ಭಾವನನ್ನು ಕೇಳಿದಳು.

ಗೋಡೆಯ ಮೇಲೊಂದು ಟೀವಿ ಇತ್ತು. ಸರ್ಕಾರಿ ಚಾನೆಲ್ಲು ಬೆಂಕಿಯ ಸುದ್ದಿ ಹೇಳುತ್ತಿತ್ತು, ಪಕ್ಕದಲ್ಲಿ ಒಬ್ಬಾತ ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ವಿವರಿಸುತ್ತಿದ್ದ. ನಕ್ಷೆ ಬಂದಾಗ ಅಂಕಲ್ ಎದ್ದು ಹತ್ತಿರ ಹೋಗಿ ನಿಂತರು. ಗಾಳಿಯ ಬಾಣದ ಗುರುತುಗಳನ್ನು ನೋಡಿ ಬಂದರು.

"ಗಾಳಿ ಈಗ ಸಮುದ್ರದ ಕಡೆಯಿಂದ ತಿರುಗುತ್ತೆ. ಮನೆ ಉಳಿಯಬಹುದು" ಎಂದರು. ಆಂಟೆನಾ ಎಂಬ ಶಬ್ದವನ್ನು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು ಎಂದು ಭಾವ ಆಮೇಲೆ ನನ್ನೊಡನೆ ಹೇಳಿದರು.

ಗಾಳಿ ತಿರುಗಿತು. ಮನೆ ಉಳಿಯಿತು. ಹಿಂದಿನ ಬೇಲಿ ಕರಕಲಾಗಿತ್ತು, ನಡುಮನೆಯ ತುಂಬ ಬೂದಿ. ಅಲಾರಮ್ಮುಗಳು ಟೋಪಿ ಹಾಕಿಕೊಂಡೇ ಇದ್ದವು.

ಭಾನುವಾರಗಳಂದು ನಾವು ಮೂವರೂ ವೀಡಿಯೋ ಕರೆಯಲ್ಲಿ ಸೇರುತ್ತೇವೆ. ಮೊದಲ ವಾರಗಳಲ್ಲಿ ಬೆಂಕಿಯ ಮಾತನ್ನು ಯಾರೂ ಎತ್ತಲಿಲ್ಲ. ಆಮೇಲೆ ತಮ್ಮನೇ ಎತ್ತಿದ.

"ನಾನು ಈಗಲೂ ಹೇಳ್ತೀನಿ, ಟೀವಿ ಲೈಸೆನ್ಸ್ ದಂಡಾನೇ. ಬಡವನೂ ಅಷ್ಟೇ ಕಟ್ಟಬೇಕು, ಸಾಹುಕಾರನೂ ಅಷ್ಟೇ. ಅದು ಸರೀನಾ?"

"ಸರಿಯಲ್ಲ" ಎಂದೆ.

"ಆದ್ರೆ ಒಂದು ವಿಷ್ಯ. ಅಲ್ಲಿ ರೇಡಿಯೋಗೆ ಲೈಸೆನ್ಸ್ ಬೇಕಿಲ್ಲ. ಟೀವಿಯೋರು ಕಟ್ಟೋ ದುಡ್ಡಲ್ಲೇ ರೇಡಿಯೋನೂ ನಡೆಯೋದು. ನಾನು ಲೈಸೆನ್ಸ್ ನಿಲ್ಲಿಸಿದ್ಮೇಲೂ ದಿನಾ ಕಾರಲ್ಲಿ ಅದನ್ನೇ ಕೇಳ್ತಿದ್ದೆ."

"ಅಂದ್ರೆ ನೀನು ಅಂಕಲ್ ಮನೆ ಜಗಲಿ ಮೇಲೆ ಕೂತಿದ್ದೆ" ಎಂದಳು ಅಕ್ಕ.

ನನ್ನ ಹೋಟೆಲಿನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಇದು ಹೋಟೆಲ್ಲಲ್ಲ, ಚಾವಣಿಯ ಅಲಾರಂ. ಈ ತಿಂಗಳು ಒಂದು ಸಲವೂ ಕೂಗಲಿಲ್ಲ, ಆದ್ದರಿಂದ ಬೇಡ ಎಂದು ಅದನ್ನು ಯಾರೂ ಕಿತ್ತು ಹಾಕುವುದಿಲ್ಲ. ಲೈಸೆನ್ಸೋ, ತೆರಿಗೆಯೋ, ವಸೂಲಿಯ ದಾರಿ ಯಾವುದು ಎಂಬುದರಲ್ಲಿ ನಾನು ಇನ್ನೂ ತಮ್ಮನ ಪಕ್ಷ. ಸ್ಟ್ರೀಮಿಂಗ್ ನೋಡುವವಳ ಮನೆ ಬಾಗಿಲು ತಟ್ಟಿ ಟೀವಿ ಇದೆಯೇ ಎಂದು ಕೇಳುವುದು ನನಗೂ ಸೇರದು. ಆದರೆ ಕೊಡುವುದು ಲಾಭವೇ ಎಂದು ಯಾರಾದರೂ ಕೇಳಿದರೆ, ಎಡಕ್ಕೆ ತಿರುಗದ ಆ ಕಾರು ಕಣ್ಣ ಮುಂದೆ ಬರುತ್ತದೆ. ಅದಕ್ಕೆ ತಿಂಗಳ ಚಂದಾ ಎಷ್ಟಾಗಬಹುದು ಎಂದು ನನಗೆ ಗೊತ್ತಿಲ್ಲ.

ಅಕ್ಕ ಭಾವ ಆ ಮನೆಯಲ್ಲೇ ವಾಸಕ್ಕಿದ್ದರು, ನೆಂಟರ ಹಾಗೆ. ವಿಧಿ ಪೂರ್ತಿಯಾಗಿರಲಿಲ್ಲವಾದ್ದರಿಂದ ಆ ಮನೆಯಲ್ಲಿ ಹಾಲು ಉಕ್ಕುವಂತಿರಲಿಲ್ಲ. "ಮೈಕ್ರೋವೇವಲ್ಲಿ ಬೆಚ್ಚಗೆ ಮಾಡ್ಕೋಬಹುದು, ಉಕ್ಕಬಾರದು" ಎಂದು ಅಕ್ಕ ಕಾನೂನು ಮಾಡಿದ್ದಳು. ಭಾವ ತಿಂಗಳುಗಟ್ಟಲೆ ಬಿಸಿನೀರಿಗೆ ಚಹಾ ಪೊಟ್ಟಣ ಅದ್ದಿ, ತಣ್ಣನೆ ಹಾಲು ಸುರಿದುಕೊಂಡು ಕುಡಿದರು. "ಬೇಗ ಮುಹೂರ್ತ ಇಡಿಸಪ್ಪಾ" ಎಂದು ಅವರು ಬೇಡಿದಾಗ ಅಂಕಲ್ ಮೊದಲು ಆಂಟೆನಾ, ಆಮೇಲೆ ಮುಹೂರ್ತ ಎಂದರಂತೆ. ಆಂಟೆನಾ ಹಾಕುವವನು ಬಂದು ಹೋದ ದಿನ ಅದರ ತಂತಿಗೆ ಕುಂಕುಮ ಹಚ್ಚಿದ ಫೋಟೋ ನನಗೆ ಬಂತು.

ವೈಶಾಖದಲ್ಲಿ, ಪರ್ತ್‌ನ ಮೊದಲ ಮಳೆಯ ಹೊತ್ತಿಗೆ ಮತ್ತೆ ಹೋಮ ಇಟ್ಟುಕೊಂಡರು. ನನಗೂ ತಮ್ಮನಿಗೂ ರಜೆ ಸಿಗಲಿಲ್ಲ. ಹಾಗಾಗಿ ಈ ಸಲ ನಾವಿಬ್ಬರೂ ಸ್ಟ್ರೀಮಿಂಗ್ ಪ್ರೇಕ್ಷಕರು. ಅವನು ಕಿಲ್ಬರ್ನ್‌ನ ಅಡುಗೆಮನೆಯಲ್ಲಿ, ನಾನು ಬ್ರಿಸ್ಬೇನಿನ ನನ್ನ ಸೋಫಾದ ಮೇಲೆ. ಅಲ್ಲಿ ಪುರೋಹಿತರನ್ನು ಟೀವಿಯಿಂದ ಇಳಿಸಿ ಲ್ಯಾಪ್‌ಟಾಪಿಗೆ ಹಾಕಿದ್ದರು. ಟೀವಿಯಲ್ಲಿ ಸರ್ಕಾರಿ ಚಾನೆಲ್ಲು ಸಣ್ಣ ದನಿಯಲ್ಲಿ ಓಡುತ್ತಿತ್ತು. ಅಲಾರಂ ಒಂದಕ್ಕೆ ಮಾತ್ರ ಟೋಪಿ. ಎದುರು ಮನೆಯಾಕೆ ಬರಿಗಾಲಲ್ಲಿ ಚಾಪೆಯ ಮೇಲೆ ಕೂತಿದ್ದಳು.

ಪುರೋಹಿತರು ಮಂತ್ರದ ನಡುವೆ ನಿಲ್ಲಿಸಿದರು. ಚಕ್ರ ಸುತ್ತುತ್ತಿದೆಯೇ ಎಂದು ನೋಡಿದೆ. ಇಲ್ಲ, ಅವರೇ ನಿಲ್ಲಿಸಿದ್ದರು.

"ಹಿಂದೆ ಯಾರದು ಮಾತಾಡ್ತಿರೋದು?"

"ಹವಾಮಾನ, ಸ್ವಾಮಿ" ಎಂದರು ಅಂಕಲ್.

"ಓಹೋ. ಮಳೆ ಇದೆಯಂತಾ?"

"ಇದೆಯಂತೆ. ಸಂಜೆವರೆಗೂ."

"ಒಳ್ಳೇದು. ಸ್ವಾಹಾ."

ಪೂರ್ಣಾಹುತಿ ಆಯಿತು. ಅಕ್ಕ ಹೊಸ ಒಲೆಯ ಮೇಲೆ ಬೆಳ್ಳಿ ಪಾತ್ರೆ ಇಟ್ಟಳು. ಭಾವ ಫೋನನ್ನು ಪಾತ್ರೆಯ ಮೇಲೆ ಹಿಡಿದರು. ನನ್ನ ಪರದೆಯಲ್ಲಿ ಹಾಲು ಇನ್ನೂ ಅಂಚಿಗೆ ಏರುತ್ತಿತ್ತು. ಕಿಲ್ಬರ್ನ್ ನನಗಿಂತ ಸ್ವಲ್ಪ ಮುಂದಿದ್ದಿರಬೇಕು.

"ಉಕ್ತು! ಉಕ್ತು!" ಎಂದು ತಮ್ಮ ಕೂಗಿದ.

"ಸುಮ್ನಿರೋ, ನಂಗಿನ್ನೂ ಉಕ್ಕಿಲ್ಲ!" ಎಂದೆ. ಅಷ್ಟರಲ್ಲಿ ನನ್ನ ಕಡೆಯೂ ನೊರೆ ಎದ್ದು, ಪಾತ್ರೆಯ ನಾಲ್ಕೂ ಕಡೆಗೆ ಬೆಳ್ಳಗೆ ಇಳಿಯಿತು. ಹಿಂದಿನಿಂದ ಭಾವನ ದನಿ ಕೇಳಿಸಿತು: "ಒಂದು ಲೋಟ ಕಾಫಿ ಮಾಡೇ, ಬಿಸಿ ಬಿಸಿ."